ಅರ್ಧ ಗಡ್ಡ ಮತ್ತು ಹದಿನಾಲ್ಕನೇ ನಂಬರಿನ ಚೀಟಿ

ಬೀಗದ ಕಾರ್ಖಾನೆಯ ಕೊನೆಯ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಹಾಕಿದ ಮೇಜು ನನ್ನದು. ಎಡಗಡೆಯಿಂದ ಬೀಗಗಳು ಬರುತ್ತವೆ, ಒಂದೊಂದು ಟ್ರೇನಲ್ಲಿ ಹನ್ನೆರಡು. ಪ್ರತಿ ಬೀಗದ ಕೊಂಡಿಗೂ ಅದರದೇ ಎರಡು ಕೀಲಿಕೈಗಳನ್ನು ತಂತಿಯಲ್ಲಿ ಕಟ್ಟಿರುತ್ತಾರೆ. ನಾನು ತಂತಿ ಬಿಚ್ಚಬೇಕು, ಒಂದೊಂದು ಕೀಲಿಕೈಯಿಂದಲೂ ಮೂರು ಮೂರು ಸಲ ಬೀಗ ತೆಗೆದು ಹಾಕಬೇಕು, ಮತ್ತೆ ತಂತಿ ಸುತ್ತಿ ಡಬ್ಬಿಯೊಳಗೆ ಮಲಗಿಸಬೇಕು. ಮೇಲೊಂದು ಉಗುರಿನಷ್ಟಗಲದ ಚೀಟಿ: ‘ಪರೀಕ್ಷಿಸಿದವರು: 14’. ಹದಿನಾಲ್ಕು ಅಂದರೆ ನಾನು. ಒಂದರಿಂದ ಹದಿಮೂರರವರೆಗಿನವರು ಏನಾದರೆಂದು ಯಾರಿಗೂ ಗೊತ್ತಿಲ್ಲ. ನಾನು ಸೇರಿದ ದಿನ ಡ್ರಾಯರಿನಲ್ಲಿ ಹದಿನಾಲ್ಕರ ಚೀಟಿಗಳ ಕಟ್ಟುಗಳಿದ್ದವು, ಅಷ್ಟೆ.

ದಿನಕ್ಕೆ ಏಳುನೂರ ಇಪ್ಪತ್ತು ಬೀಗ. ಹನ್ನೆರಡು ವರ್ಷ. ಅವು ಆಮೇಲೆ ಯಾವ ಬಾಗಿಲಲ್ಲಿ ನೇತಾಡುತ್ತವೆ, ಯಾರ ಯಾವ ಗುಟ್ಟನ್ನು ಕಾಯುತ್ತವೆ ಎಂಬುದು ನನಗೆ ತಿಳಿಯದು. ಒಂದು ಬೀಗವೂ ತಿರುಗಿ ಬಂದು ‘ಚೆನ್ನಾಗಿದೀನಿ’ ಎಂದಿಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ, ನಾನು ಆಟಕ್ಕೂ ಇರಲಿಲ್ಲ.

ನನ್ನ ಹೆಂಡತಿ ಹೆರಿಗೆ ವಾರ್ಡಿನಲ್ಲಿ ನರ್ಸು. ಇದು ಕೆಲಸದಲ್ಲಿ ಅರ್ಥ ಹುಡುಕುವ ಗಂಡನಿಗೆ ದೇವರು ಕೊಡಬಹುದಾದ ಅತಿ ದೊಡ್ಡ ಶಿಕ್ಷೆ. ಸಂಜೆ ಇಬ್ಬರೂ ಚಪ್ಪಲಿ ಬಿಡುವಾಗ ನಮ್ಮ ಮಾತು ಯಾವಾಗಲೂ ಹೀಗೇ:

‘ಇವತ್ತೆಷ್ಟು?’ ನಾನು ಕೇಳುತ್ತೇನೆ.

‘ಆರು. ಅದರಲ್ಲೊಂದು ಜೋಡಿ ಅವಳಿ. ನಿಮ್ಮದು?’

‘ಏಳುನೂರ ಇಪ್ಪತ್ತು.’

‘ಎಲ್ಲಾ ಅತ್ತವಾ?’

ಅವರ ವಾರ್ಡಿನಲ್ಲಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ ಅದು: ಮಗು ಅತ್ತಿತಾ? ಅತ್ತರೆ ಎಲ್ಲರೂ ನಗುತ್ತಾರೆ. ಅಳದಿದ್ದರೆ ಎಲ್ಲರೂ ಓಡುತ್ತಾರೆ. ನನ್ನ ಬೀಗಗಳು ಅಳುವುದಿಲ್ಲ. ನಾನೂ ಎಲ್ಲಿಗೂ ಓಡುವುದಿಲ್ಲ.

ಈ ಗಾಯಕ್ಕೆ ಉಪ್ಪು ಸವರಲು ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಬಂದ. ಅವನು ವಿಮೆ ಮಾರಿದ್ದ, ನೀರು ಸೋಸುವ ಯಂತ್ರ ಮಾರಿದ್ದ, ಮೊಣಕಾಲಿಗೆ ಹಾಕುವ ಪಟ್ಟಿ ಮಾರಿದ್ದ. ಪ್ರತಿಯೊಂದನ್ನೂ ‘ಇದರಲ್ಲಿ ಜೀವ ಇಲ್ಲ’ ಎಂದು ಬಿಟ್ಟಿದ್ದ. ಕೊನೆಗೆ ಅವನಿಗೆ ಜೀವನದ ಗುರಿ ಸಿಕ್ಕಿತು: ಬೇರೆಯವರಿಗೆ ಅವರ ಜೀವನದ ಗುರಿ ಹುಡುಕಿಕೊಡುವುದು. ಒಂದು ನೃತ್ಯಶಾಲೆಯ ಹಾಲಿನಲ್ಲಿ ಭಾನುವಾರ ಬೆಳಿಗ್ಗೆ ಅವನ ‘ಗುರಿ ಶಿಬಿರ’. ಸುತ್ತ ಗೋಡೆ ತುಂಬ ಕನ್ನಡಿ. ಹನ್ನೊಂದು ಜನ ಬಂದರೂ ನಲವತ್ತನಾಲ್ಕು ಕಾಣುತ್ತಾರೆ.

‘ನೀನು ಬೀಗ ತಿರುಗಿಸ್ತಾ ಇಲ್ಲ ಕಣಯ್ಯಾ’ ಎಂದ ಅವನು, ಅಷ್ಟೂ ಕನ್ನಡಿಗಳಿಂದ ನನ್ನನ್ನು ನೋಡುತ್ತ. ‘ಬೀಗ ನಿನ್ನನ್ನ ತಿರುಗಿಸ್ತಾ ಇದೆ.’

ಹನ್ನೊಂದು ಜನ ‘ಆಹಾ’ ಎಂದರು. ಆ ಮಾತು ನನ್ನ ತಲೆಯೊಳಗೆ ಹೊಕ್ಕು ವಾರವಿಡೀ ತಿರುಗಿತು.

ಅವನು ಮನೆಪಾಠ ಕೊಟ್ಟಿದ್ದ: ‘ನಾನು ಯಾಕೆ ಇದ್ದೇನೆ’ ಎಂಬುದಕ್ಕೆ ನೂರು ಕಾರಣ ಬರೆದು ತರಬೇಕು. ಬರೆಯಲು ಹೊತ್ತು ಬೇಕಲ್ಲ? ಹಾಗಾಗಿ ನಾನೊಂದು ಉಪಾಯ ಮಾಡಿದೆ. ನನ್ನ ಮೇಜಿನ ಎದುರಿನ ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ‘ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಬೀಗ’ ಎಂದು ಬರೆದಿದೆ. ಅದನ್ನು ದಡ್ಡರಿಗೆ ಬರೆದದ್ದು ಎಂದುಕೊಂಡೇ ಹನ್ನೆರಡು ವರ್ಷ ಕಳೆದಿದ್ದೆ. ಈಗ ಎರಡೆರಡು ತೆಗೆದುಕೊಳ್ಳತೊಡಗಿದೆ. ಎಡಗೈಗೊಂದು, ಬಲಗೈಗೊಂದು. ಎರಡರ ತಂತಿಯನ್ನೂ ಒಟ್ಟಿಗೆ ಬಿಚ್ಚು, ಟಕ್ ಟಕ್, ಟಕ್ ಟಕ್, ಒಟ್ಟಿಗೆ ಕಟ್ಟು. ದಿನಕ್ಕೆ ಮುಕ್ಕಾಲು ಗಂಟೆ ಉಳಿಯಿತು. ಹನ್ನೆರಡು ವರ್ಷಗಳಲ್ಲಿ ನಾನು ಮಾಡಿದ ಮೊದಲ ಸಂಶೋಧನೆ ಅದು. ಅದೇ ನನ್ನ ಮುಂದಿನ ಕಥೆಗೆಲ್ಲ ಮೂಲ.

ಎರಡು ತಿಂಗಳು ಹೀಗೇ ಬರೆದು, ನೂರರಲ್ಲಿ ನಲವತ್ತೊಂದು ಕಾರಣ ಆಗುವಷ್ಟರಲ್ಲಿ ಸರಕು ಮುಗಿಯಿತು. (ನಲವತ್ತನೆಯದು: ‘ಗ್ಯಾಸ್ ಸಿಲಿಂಡರ್ ಬಂದಾಗ ಮನೆಯಲ್ಲಿ ಯಾರಾದರೂ ಇರಬೇಕು.’) ಉಳಿದ ಹಾಳೆಯಲ್ಲಿ ರಾಜೀನಾಮೆ ಬರೆದೆ. ಏಕೆಂದರೆ ಷಡ್ಡಕ ನನ್ನನ್ನು ಶಿಬಿರಕ್ಕೆ ಸಹಾಯಕ ಬೋಧಕನಾಗಿ ಕರೆದಿದ್ದ. ಶನಿವಾರದೊಳಗೆ ‘ಹೂಂ’ ಅನ್ನಬೇಕು, ಇಲ್ಲದಿದ್ದರೆ ಆ ಜಾಗ ಮೊಣಕಾಲು ಪಟ್ಟಿಯ ಕಾಲದ ಅವನ ಗೆಳೆಯನಿಗೆ ಹೋಗುತ್ತದೆ.

ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ ರಾಜೀನಾಮೆಯನ್ನು ಅಂಗಿಯ ಜೇಬಿಗಿಟ್ಟುಕೊಂಡು ಮ್ಯಾನೇಜರರ ಕೋಣೆಗೆ ಹೊರಟೆ. ಒಳಗೆ ಆಗಲೇ ಇಬ್ಬರಿದ್ದರು. ಒಬ್ಬನ ಹೆಗಲ ಮೇಲೆ ಟವಲು, ಕಿವಿಯ ಹಿಂದೆ ಬಾಚಣಿಗೆ. ಇನ್ನೊಬ್ಬ ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟ ತೆಳ್ಳನೆಯ ಮನುಷ್ಯ. ಅವನ ಬಲಗೆನ್ನೆ ಮೊಟ್ಟೆಯ ಹಾಗೆ ನುಣ್ಣಗಿತ್ತು. ಎಡಗೆನ್ನೆಯ ಮೇಲೆ ಹತ್ತು ದಿನದ ಗಡ್ಡ, ಅದರ ಮೇಲೆ ಒಣಗಿದ ನೊರೆ.

ಮ್ಯಾನೇಜರರು ಚೀಟಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ‘ಹದಿನಾಲ್ಕು’ ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಜೇಬಿನ ಮೇಲೆ ಹೋಯಿತು.

‘ಹದಿನಾಲ್ಕು ನೀವೇನಾ?’ ಟವಲಿನವನು ನನ್ನತ್ತ ತಿರುಗಿದ. ಅವನು ಕ್ಷೌರದಂಗಡಿಯವನು. ‘ನಾನು ಚೀಟಿ ಓದಿದೆ ಸ್ವಾಮಿ! ಹದಿನಾಲ್ಕು ಜನ ಪರೀಕ್ಷೆ ಮಾಡಿದ ಬೀಗ ಅಂತ ನಂಬಿ ತಗೊಂಡೆ!’

ನಿಜ ಹೇಳಬೇಕೆಂದರೆ ನನಗೆ ಹೆದರಿಕೆಗಿಂತ ಮೊದಲು ಆದದ್ದು ಸಂತೋಷ. ಯಾರೋ ಒಬ್ಬರು ಚೀಟಿ ಓದಿದ್ದರು.

ಕ್ಷೌರಿಕ ನಡೆದದ್ದನ್ನು ಹೇಳಿದ. ಬೀಗ ಕೊಂಡು ಮೂರು ವಾರವಾಗಿತ್ತು. ಹಳೆಯದು ಇನ್ನೂ ಜೀವ ಹಿಡಿದಿದ್ದರಿಂದ ಡಬ್ಬಿ ತೆರೆದಿರಲಿಲ್ಲ. ಇವತ್ತು ಬೆಳಿಗ್ಗೆ ಅಂಗಡಿ ತೆಗೆಯುವಾಗ ಹಳೆಯದು ಸತ್ತಿತು. ಆಮೇಲೆ ಈ ಗಿರಾಕಿಯ ಬಲಗೆನ್ನೆ ಮುಗಿಯುವ ಹೊತ್ತಿಗೆ ಬಿಸಿನೀರು ಖಾಲಿ. ಎದುರಿನ ಟೀ ಅಂಗಡಿಯಿಂದ ತರೋಣವೆಂದು ಹೊರಟ. ಗಿರಾಕಿಯೂ ಒಂದು ಟೀ ಕುಡಿಯುತ್ತೇನೆಂದು ಜೊತೆಗೆ ಬಂದ.

‘ಹೋದ ತಿಂಗಳು ಹಿಂಗೇ ಟೀಗೆ ಹೋಗಿ ಬರೋಷ್ಟರಲ್ಲಿ ಕುರ್ಚಿ ದಿಂಬು ಮಾಯ ಆಗಿತ್ತು. ಅದಕ್ಕೇ ಶಟರ್ ಎಳೆದು ಹೊಸ ಬೀಗ ಒತ್ತಿದೆ. ಒತ್ತಿದ್ರೆ ಸಾಕು, ಬಿತ್ತು. ಏನ್ ಚಂದ ಬಿತ್ತು ಅಂತೀರಿ! ಆಮೇಲೆ ಏಳಲೇ ಇಲ್ಲ. ಎರಡು ಕೀನೂ ಹಾಕಿದೆ. ಒಳಗೆ ಹೋಗ್ತವೆ, ತಿರುಗಲ್ಲ.’

‘ಬೇರೆ ಅಂಗಡೀಲಿ ಉಳಿದರ್ಧ ಮುಗಿಸಬಹುದಿತ್ತಲ್ಲ?’ ಎಂದರು ಮ್ಯಾನೇಜರರು.

ಕ್ಷೌರಿಕ ಅವರನ್ನು ಅಸಭ್ಯ ಮಾತು ಕೇಳಿದವನಂತೆ ನೋಡಿದ. ‘ಒಬ್ಬ ಕೈ ಹಾಕಿದ ಗಡ್ಡಾನ ಇನ್ನೊಬ್ಬ ಮುಟ್ಟಲ್ಲ ಸಾರ್. ನಮ್ಮಲ್ಲಿ ಅದು ಕಟ್ಟುನಿಟ್ಟು.’

‘ಮೂರು ಅಂಗಡಿ ಕೇಳಿ ಬಂದೆ’ ಎಂದ ಅರ್ಧ ಗಡ್ಡದವನು. ಮಾತಾಡಿದಾಗ ಒಣಗಿದ ನೊರೆ ಉದುರಿತು. ‘ಮೂವರೂ ‘ಇದ್ಯಾರ ಕೈ?’ ಅಂತ ಕೇಳಿ, ಕೈ ಮುಗಿದು ಕಳಿಸಿದ್ರು. ಗಡ್ಡ ಹಾಳಾಗ್ಲಿ ಸಾರ್, ನನ್ನ ಸರ್ಟಿಫಿಕೇಟ್ ಫೈಲು ಒಳಗಿದೆ. ಮೂರು ಗಂಟೆಗೆ ಇಂಟರ್‌ವ್ಯೂ.’

ಕತ್ತರಿಸಿಬಿಡಿ ಅನ್ನೋಣವೆಂದುಕೊಂಡೆ. ಮ್ಯಾನೇಜರರು ನನ್ನ ಬಾಯಿಯನ್ನು ಮೊದಲೇ ಓದಿದರು.

‘ನಮ್ಮ ಬೀಗಾನ ನಡುಬೀದೀಲಿ ಕತ್ತರಿಸೋದಾ? ಡಬ್ಬಿ ಮೇಲೆ ‘ಯಾವ ಗರಗಸಕ್ಕೂ ಬಗ್ಗದು’ ಅಂತ ಹಾಕಿದೀವಿ. ಬಗ್ಗಿದ್ರೆ ಮಾನ ಹೋಗುತ್ತೆ. ಬಗ್ಗದಿದ್ರೆ ಮೂರು ಗಂಟೆ ಹೋಗುತ್ತೆ.’ ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. ‘ಹನ್ನೆರಡು ವರ್ಷದಲ್ಲಿ ನಿಮ್ಮ ನಂಬರಿನ ಮೇಲೆ ಒಂದು ದೂರಿಲ್ಲ. ಬೀಗ ಮಾರಿದ ಅಂಗಡಿಯವನೇ ಡಬ್ಬಿ ಬಿಚ್ಚಿ ಅದಲುಬದಲು ಮಾಡಿರಬೇಕು ಅಂತ ಬರೆದು ಕೈ ತೊಳ್ಕೊಳ್ಳೋಣ. ಏನಂತೀರಿ?’

ಹೂಂ ಅನ್ನಬಹುದಿತ್ತು. ಜೇಬಿನಲ್ಲಿ ರಾಜೀನಾಮೆ ಇತ್ತು. ಅದನ್ನು ಕೊಟ್ಟು ಹೊರಟರೆ ನಾಳೆಯಿಂದ ನಾನು ಯಾರೋ, ಬೀಗ ಯಾವುದೋ. ಆದರೆ ಆ ಮನುಷ್ಯನ ನುಣ್ಣನೆಯ ಕೆನ್ನೆ ಒಂದು ಕಡೆ, ಗಡ್ಡದ ಕೆನ್ನೆ ಇನ್ನೊಂದು ಕಡೆ. ಎಡಗೈ, ಬಲಗೈ. ನನ್ನ ಮುಕ್ಕಾಲು ಗಂಟೆಯ ಸಂಶೋಧನೆ ಅವನ ಮುಖದ ಮೇಲೆ ಬರೆದಿತ್ತು.

‘ತಪ್ಪು ನನ್ನದೇ ಸಾರ್’ ಎಂದೆ. ‘ಎರಡೆರಡು ಬೀಗ ಒಟ್ಟಿಗೆ ತಿರುಗಿಸ್ತಿದ್ದೆ. ಕಟ್ಟುವಾಗ ಇದರ ಕೀ ಅದಕ್ಕೆ, ಅದರ ಕೀ ಇದಕ್ಕೆ ಹೋಗಿದೆ. ಅಂದ್ರೆ ಇದರ ಜೋಡಿ ಬೀಗ ಇನ್ನೊಂದೆಲ್ಲೋ ಇದೆ. ಇವರ ಶಟರಿನ ಕೀ ಅಲ್ಲಿದೆ.’

ಮ್ಯಾನೇಜರರು ಗೋಡೆ ಗಡಿಯಾರ ನೋಡಿದರು. ‘ಹುಡುಕಿ. ಬೈಗುಳ ಆಮೇಲೆ ಇಟ್ಕೊಳ್ಳೋಣ.’

ಮೂವರೂ ಹೊರಟೆವು. ಅರ್ಧ ಗಡ್ಡದವನು ಟವಲನ್ನು ಹಲ್ಲುನೋವಿನವನಂತೆ ಕೆನ್ನೆಗೆ ಒತ್ತಿಕೊಂಡಿದ್ದ. ದಾರಿಯಲ್ಲಿ ಸುಮ್ಮನಿರಲಾಗದೆ ಕೇಳಿದೆ, ‘ಈಗ ಏನ್ ಕೆಲಸ ಮಾಡ್ತಿದೀರಿ?’

‘ಗಾಜಿನ ಲೋಟದ ಡಬ್ಬಿ ಮೇಲೆ ‘ಜೋಪಾನ’ ಅಂತ ಚೀಟಿ ಅಂಟಿಸ್ತೀನಿ. ಒಂಬತ್ತು ವರ್ಷ ಆಯ್ತು. ಲೋಟ ಒಡೆದ್ರೆ ಬಂದು ಬೈತಾರೆ. ಒಡೀದಿದ್ರೆ, ಚೀಟಿ ಓದಿದ್ವಿ ಕಣಯ್ಯಾ ಅಂತ ಯಾರೂ ಹೇಳಲ್ಲ.’

ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ನೊರೆ ಇದ್ದುದರಿಂದ ಬಿಟ್ಟೆ.

‘ಇಂಟರ್‌ವ್ಯೂ ಯಾವುದಕ್ಕೆ?’

‘ಮ್ಯೂಸಿಯಮ್ಮಿನಲ್ಲಿ ನಿಂತ್ಕೊಂಡು ‘ಮುಟ್ಟಬೇಡಿ’ ಅನ್ನೋ ಕೆಲಸ.’ ಅವನ ಕಣ್ಣು ಹೊಳೆಯಿತು. ‘ಬಾಯಲ್ಲೇ ಹೇಳೋದು. ಮುಖ ನೋಡಿ ಹೇಳೋದು.’

ಹಾರ್ಡ್‌ವೇರ್ ಅಂಗಡಿಯವನು ಮೊಳೆಗಳ ನಡುವೆ ಕೂತಿದ್ದ. ಕ್ಷೌರಿಕ ಬೀಗ ಕೊಂಡ ದಿನ ಅದೇ ಜಾತಿಯ ಬೀಗ ಇನ್ಯಾರು ಕೊಂಡರು ಎಂದು ಕೇಳಿದೆವು. ಅವನು ಅರೆಕ್ಷಣವೂ ಯೋಚಿಸಲಿಲ್ಲ.

‘ಅಯ್ಯೋ, ಮರೆಯೋಕಾಗುತ್ತಾ? ಆವತ್ತು ಎರಡೇ ಬಂದಿದ್ದು. ಒಂದು ಇವನು ತಗೊಂಡ, ಒಂದು ಟೀಚರಮ್ಮ. ಒಂದು ಬೀಗಕ್ಕೆ ಇಪ್ಪತ್ತು ಪ್ರಶ್ನೆ! ಸೇಫ್ಟಿ ಪಿನ್ನಿನಲ್ಲಿ ತೆಗೀಬಹುದಾ? ಚಮಚದ ಹಿಡಿಯಲ್ಲಿ? ರಿಟೈರಾದ ಸರ್ವೇಯರ್ ಒಬ್ಬರು ಮನಸ್ಸು ಮಾಡಿದ್ರೆ? ನಾನು ಬೆವೆತುಹೋದೆ.’

ಟೀಚರಮ್ಮ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಎರಡು ಬೀದಿ ಆಚೆ, ಎರಡನೇ ಮಹಡಿಯಲ್ಲಿ ಮನೆ. ಬಾಗಿಲು ತೆರೆದ ಅವರ ಕೊರಳಲ್ಲಿ ದಾರವಿತ್ತು, ದಾರದಲ್ಲಿ ಎರಡು ಕೀಲಿಕೈ. ನೋಡಿದ ಕೂಡಲೇ ಗುರುತು ಸಿಕ್ಕಿತು. ಹನ್ನೆರಡು ವರ್ಷ ದಿನಾ ಕೈ ಕುಲುಕಿದವರನ್ನು ಬೀದಿಯಲ್ಲಿ ಕಂಡ ಹಾಗೆ.

‘ಅಮ್ಮಾ, ನಾನು ಬೀಗದ ಕಾರ್ಖಾನೆಯಿಂದ ಬಂದೆ. ನಿಮ್ಮ ಬೀಗ...’

‘ನನ್ನ ಬೀಗ ಚೆನ್ನಾಗಿದೆ!’ ಅವರು ಇಡೀ ಮಹಡಿಗೆ ಕೇಳುವಂತೆ ಕೂಗಿದರು. ‘ಕೀನೂ ಚೆನ್ನಾಗಿದೆ! ದಿನಾ ತೆಗೆದು ಹಾಕ್ತಿದೀನಿ!’

‘ಯಾರೇ ಅದು?’ ಒಳಗಿನಿಂದ ಗಂಡಸಿನ ದನಿ.

‘ಯಾರೂ ಇಲ್ಲ! ಹಲ್ಲುನೋವಿನವರು!’ ಎಂದು ಹೇಳಿ ನಮ್ಮ ಮೂವರನ್ನೂ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡರು. ಬಾಗಿಲು ಮುಚ್ಚಿ ಪಿಸುಗುಟ್ಟಿದರು. ‘ಯಾರು ಹೇಳಿದ್ರು ನಿಮಗೆ, ಇದು ತೆಗೆಯಲ್ಲ ಅಂತ?’

ಅಡುಗೆಮನೆಯ ಮೂಲೆಯಲ್ಲಿ ಹಸಿರು ಬಣ್ಣದ ಕಪಾಟು. ಅದರ ಬಾಗಿಲಲ್ಲಿ ನನ್ನ ಬೀಗ.

ಅವರ ಯಜಮಾನರಿಗೆ ಸಕ್ಕರೆ ಕಾಯಿಲೆ. ಊರೆಲ್ಲ ಅಳೆದ ಸರ್ವೇಯರರು ತಮ್ಮ ಸಕ್ಕರೆಯನ್ನು ಮಾತ್ರ ಅಳೆಯಲಿಲ್ಲ. ಮೂರು ವಾರದ ಹಿಂದೆ ಟೀಚರಮ್ಮ ಸಕ್ಕರೆ, ಬಿಸ್ಕತ್ತು, ಜಾಮಿನ ಬಾಟಲಿ, ಎಲ್ಲವನ್ನೂ ಕಪಾಟಿಗೆ ತುಂಬಿ ಬೀಗ ಒತ್ತಿದರು. ಆಮೇಲೆ ನೋಡಿದರೆ ಕೀಲಿಕೈ ತಿರುಗದು.

‘ಅಂಗಡಿಗೆ ಹೋಗಿ ಜಗಳ ಆಡೋಣ ಅಂತಲೇ ಹೊರಟಿದ್ದೆ. ಅಷ್ಟರಲ್ಲಿ ನೋಡ್ತೀನಿ, ಇವರು ಕೀ ಹುಡುಕೋಕೆ ಶುರು ಮಾಡಿದಾರೆ. ನಾನು ಸ್ನಾನಕ್ಕೆ ಹೋದ್ರೆ ಸಾಕು, ಅಟ್ಟ ಹತ್ತೋದು, ಮಂಚದ ಕೆಳಗೆ ಬಗ್ಗೋದು, ಮೆಟ್ಟಿಲು ಇಳಿದು ಹೂಕುಂಡ ಎತ್ತಿ ನೋಡೋದು. ಮೂವತ್ತು ವರ್ಷದಿಂದ ವಾಕಿಂಗ್ ಹೋಗಿ ಅಂದ್ರೂ ಹೋಗದ ಮನುಷ್ಯ! ಮೂರು ಕೇಜಿ ಇಳಿದಿದಾರೆ. ಡಾಕ್ಟರು ಬೆನ್ನು ತಟ್ಟಿದ್ರು.’

‘ಕೀ ನಿಮ್ಮ ಕೊರಳಲ್ಲೇ ಇದೆಯಲ್ಲಮ್ಮಾ’ ಎಂದ ಕ್ಷೌರಿಕ.

‘ಇದು ನಕಲಿ, ನಿಜವಾದ್ದು ಬೇರೆ ಬಚ್ಚಿಟ್ಟಿದೀನಿ ಅಂತ ಅವರ ಲೆಕ್ಕಾಚಾರ. ನಾನು ಮಲಗಿದ್ದಾಗ ದಾರದಿಂದ ಬಿಚ್ಚಿ ಹಾಕಿ ನೋಡಿರಬೇಕು.’ ಟೀಚರಮ್ಮ ಹೆಮ್ಮೆಯಿಂದ ನಕ್ಕರು.

ನಾನು ಕ್ಷೌರಿಕನ ಕೀಲಿಕೈಗಳನ್ನು ತೆಗೆದುಕೊಂಡು ಕಪಾಟಿನತ್ತ ಹೋದೆ. ಕೈ ತಾನಾಗಿ ಬೀಗದ ಬಾಯಿಗೆ ಹೋಯಿತು. ಟೀಚರಮ್ಮ ನನ್ನ ಮಣಿಕಟ್ಟು ಹಿಡಿದರು.

‘ತಿರುಗಿಸಬೇಡಿ! ಆ ‘ಟಕ್’ ಅನ್ನೋ ಶಬ್ದ ಕೇಳಿದ್ರೆ ಅವರು ಯಾವ ಅಟ್ಟದ ಮೇಲಿದ್ರೂ ಹಾರಿ ಬರ್ತಾರೆ.’

ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ನನಗೆ, ತಿರುಗಿಸಬೇಡಿ, ತಿರುಗಿಸಿದರೆ ಏನೋ ಆಗುತ್ತದೆ ಎಂದರು. ಕೀಲಿಕೈಯನ್ನು ಹಿಂದಕ್ಕೆಳೆದೆ.

‘ಪರೀಕ್ಷೆ ಮಾಡದೆ ಹೇಗಮ್ಮಾ...’

‘ನಂಬಿ’ ಎಂದರು, ಹಿಂದಿನ ಬೆಂಚಿನವನಿಗೆ ಹೇಳುವಂತೆ.

ಒಪ್ಪಂದ ಅಲ್ಲೇ ನಿಂತ ಕಾಲಲ್ಲಿ ಆಯಿತು. ಟೀಚರಮ್ಮ ತಮ್ಮ ಎರಡರಲ್ಲಿ ಒಂದು ಕೀಲಿಕೈಯನ್ನು ದಾರದಿಂದ ಬಿಚ್ಚಿ ಕ್ಷೌರಿಕನಿಗೆ ಕೊಟ್ಟರು. ಇನ್ನೊಂದು ಕೊರಳಲ್ಲೇ ಇರಬೇಕು, ಇಲ್ಲದಿದ್ದರೆ ಸರ್ವೇಯರರಿಗೆ ಅನುಮಾನ ಬರುತ್ತದೆ.

‘ಅಂದ್ರೆ ನನ್ನ ಅಂಗಡಿ ಕೀ ನಿಮ್ಮ ಕೊರಳಲ್ಲಿರುತ್ತೆ?’ ಕ್ಷೌರಿಕ ತಲೆ ಕೆರೆದುಕೊಂಡ.

‘ನಾನೇನು ನಿಮ್ಮ ಅಂಗಡಿಗೆ ಬಂದು ಗಡ್ಡ ಹೆರ್‍ಕೊಳ್ಳಲ್ಲಪ್ಪ. ನಿಮ್ಮದು ಕಳೆದ್ರೆ ಇಲ್ಲಿಗೆ ಬನ್ನಿ.’

ಕಪಾಟಿನ ಕೀಲಿಕೈಗಳು ನನ್ನ ಅಂಗೈಯಲ್ಲಿದ್ದವು. ಅವನ್ನು ಚಾಚಿದೆ. ಟೀಚರಮ್ಮ ಎರಡು ಹೆಜ್ಜೆ ಹಿಂದೆ ಸರಿದರು.

‘ಬೇಡಪ್ಪ. ಮನೇಲಿದ್ರೆ ಅವರು ಹುಡುಕ್ತಾರೆ.’ ಆಮೇಲೆ ಸೆರಗಿನ ತುದಿಯನ್ನು ನೋಡುತ್ತ ಹೇಳಿದರು, ‘ಅವರು ಹುಡುಕದಿದ್ರೂ ನಾನೇ ತೆಗೀತೀನಿ. ಆ ಜಾಮು ನನಗೂ ಇಷ್ಟ. ನೀವೇ ಇಟ್ಕೊಳ್ಳಿ. ತಿಂಗಳಿಗೊಂದು ಸಲ, ಒಂದನೇ ತಾರೀಖು ಬನ್ನಿ. ತೆಗೀರಿ. ಇಬ್ಬರಿಗೂ ಎರಡೆರಡು ಬಿಸ್ಕತ್ತು ಕೊಟ್ಟು, ಮತ್ತೆ ಹಾಕಿ ಹೋಗಿ. ಕಾರ್ಖಾನೆಯವರು ಅಂದ್ರೆ ಅವರೂ ಎದುರು ಮಾತಾಡಲ್ಲ.’

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆಯಿತು. ತಲೆ ತುಂಬ ಅಟ್ಟದ ಜೇಡರಬಲೆ ಹೊತ್ತ ಸರ್ವೇಯರರು ಒಬ್ಬೊಬ್ಬರನ್ನೇ ಅಳೆದು ನೋಡಿದರು. ಅರ್ಧ ಗಡ್ಡದವನ ಮುಂದೆ ನಿಂತು ಕೇಳಿದರು, ‘ಯಾವ ಹಲ್ಲು?’

‘ಎಡಗಡೆಯದು’ ಎಂದ ಅವನು, ಬಲಗೆನ್ನೆ ಹಿಡಿದುಕೊಂಡು. ನಾವು ಓಡಿದೆವು.

ಕ್ಷೌರದಂಗಡಿ ಮುಟ್ಟುವಾಗ ಎರಡು ಗಂಟೆ ಹತ್ತು ನಿಮಿಷ. ಶಟರಿನ ಮುಂದೆ ಆಗಲೇ ಸಣ್ಣ ಜನಜಂಗುಳಿ. ಟೀ ಅಂಗಡಿಯವನು ಬಿಸಿನೀರನ್ನು ಮೂರನೇ ಸಲ ಕಾಯಿಸಿ ಹಿಡಿದುಕೊಂಡು ನಿಂತಿದ್ದ. ಕ್ಷೌರಿಕ ಕೀಲಿಕೈಯನ್ನು ನನ್ನ ಕೈಗಿಟ್ಟ. ‘ನೀವೇ ಹಾಕಿ. ಹದಿನಾಲ್ಕು ನೀವಲ್ವಾ.’

ಮೊಣಕಾಲೂರಿ ಕೂತೆ. ತೆರೆಯದಿದ್ದರೆ? ಎರಡೆರಡು ತಿರುಗಿಸಿದ ಆ ಎರಡು ತಿಂಗಳಲ್ಲಿ ನಾನು ಎಷ್ಟು ಜೋಡಿ ಕೆಡಿಸಿದ್ದೇನೋ ಯಾರಿಗೆ ಗೊತ್ತು? ಟೀಚರಮ್ಮನ ಬೀಗದ ಜೋಡಿ ಬೇರಾವುದೋ ಆಗಿದ್ದರೆ? ಅರ್ಧ ಗಡ್ಡದವನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ತಿರುಗಿಸಿದೆ.

ಟಕ್.

ಅಂಥ ಲಕ್ಷಾಂತರ ಶಬ್ದ ಮಾಡಿದ್ದೇನೆ. ಕೇಳಿದ್ದು ಅದೊಂದನ್ನೇ. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಕ್ಷೌರಿಕ ಶಟರನ್ನು ಎತ್ತಿದ. ಅದು ಕಿರ್ರೋ ಎಂದು ಅರಚುತ್ತ ಮೇಲೆ ಹೋಯಿತು.

ಮುಂದಿನದು ಹದಿನೈದು ನಿಮಿಷದ ಕೆಲಸ. ಗಿರಾಕಿ ದಿಂಬಿಲ್ಲದ ಕುರ್ಚಿಯಲ್ಲಿ ಬಿದ್ದ. ನೊರೆ ಎದ್ದಿತು, ಕತ್ತಿ ಆಡಿತು. ಕತ್ತಿಗೆ ಅಂಟಿದ ನೊರೆ ಒರೆಸಲು ಕ್ಷೌರಿಕ ಎಡಗೈಯನ್ನು ಹಿಂದಕ್ಕೆ ಚಾಚಿದ. ‘ಕಾಗದ! ಯಾರಾದ್ರೂ ಒಂದ್ ಕಾಗದ ಕೊಡ್ರಪ್ಪಾ, ಬೇಗ!’

ನನ್ನ ಜೇಬಿನಲ್ಲಿ ಒಂದು ಕಾಗದವಿತ್ತು. ಕೊಟ್ಟೆ. ನಾನು ಏನಾದರೂ ನಿರ್ಧಾರ ಮಾಡಿ ಕೊಟ್ಟೆನೆಂದು ಹೇಳಿದರೆ ಸುಳ್ಳಾದೀತು. ಆ ಕ್ಷಣ ಗಡಿಯಾರ ಎರಡು ಗಂಟೆ ಇಪ್ಪತ್ತು ನಿಮಿಷ ತೋರಿಸುತ್ತಿತ್ತು, ಎಡಗೆನ್ನೆ ಇನ್ನೂ ಅರ್ಧ ಬಾಕಿ ಇತ್ತು.

ಎರಡೂ ಕೆನ್ನೆ ನುಣ್ಣಗಾದ ಮನುಷ್ಯ ಫೈಲು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ಒಮ್ಮೆ ತಿರುಗಿದ. ಕನ್ನಡಿ ಒರೆಸಲು ಹೊರಟಿದ್ದ ಟೀ ಅಂಗಡಿಯವನಿಗೆ ‘ಮುಟ್ಟಬೇಡಿ’ ಎಂದ, ಗಟ್ಟಿಯಾಗಿ. ಟೀ ಅಂಗಡಿಯವನು ಕೈ ಹಿಂದಕ್ಕೆ ತೆಗೆದ. ‘ಸಿಕ್ತು ಬಿಡಿ ಕೆಲಸ’ ಎಂದ ಕ್ಷೌರಿಕ.

ರಾಜೀನಾಮೆ ಕಪ್ಪು ಬಿಳಿ ಬೆರೆತ ನೊರೆಯಡಿಯಲ್ಲಿ ಮುದ್ದೆಯಾಗಿ ಬುಟ್ಟಿಯಲ್ಲಿತ್ತು. ಮೂಲೆಯೊಂದು ಮಾತ್ರ ಚೊಕ್ಕಟವಾಗಿ ಉಳಿದಿತ್ತು. ಅದರ ಮೇಲೆ ಓದಬಹುದಾದ್ದು ಒಂದೇ: ‘ಇಂತಿ, ತಮ್ಮ ವಿಶ್ವಾಸಿ, 14.’

ಕಾರ್ಖಾನೆಗೆ ಹಿಂದಿರುಗಿದಾಗ ಮ್ಯಾನೇಜರರು ಇಟ್ಟುಕೊಂಡಿದ್ದ ಬೈಗುಳವನ್ನು ಪೂರ್ತಿ ಕೊಟ್ಟರು. ಗೋದಾಮಿನಲ್ಲಿ ಉಳಿದಿರುವ ಎರಡು ತಿಂಗಳ ಬೀಗಗಳನ್ನೆಲ್ಲ ಮತ್ತೆ ಬಿಚ್ಚಿ, ಒಂದೊಂದಾಗಿ ತಿರುಗಿಸಬೇಕೆಂದರು. ಈಗಾಗಲೇ ಮಾರಿ ಹೋದವುಗಳಿಗೆ ದೂರು ಬಂದರೆ ನಾನೇ ಹೋಗಿ ಜೋಡಿ ಹುಡುಕಬೇಕೆಂದರು. ‘ಆಗಲಿ ಸಾರ್’ ಎಂದೆ. ಅಷ್ಟು ಬೇಗ ಒಪ್ಪಿದ್ದಕ್ಕೆ ಅವರಿಗೆ ಅನುಮಾನ ಬಂದು ಇನ್ನೊಂದು ಸುತ್ತು ಬೈದರು.

ಸಂಜೆ ಮನೆಗೆ ಬಂದರೆ ಷಡ್ಡಕ ಒಂದು ದಿನ ಮೊದಲೇ ಬಂದು ಸೋಫಾದಲ್ಲಿ ಕೂತಿದ್ದ. ತೊಡೆಯ ಮೇಲೆ ನನ್ನ ಹೆಸರು ಅಚ್ಚಾದ ಕಾರ್ಡುಗಳ ಪೊಟ್ಟಣ. ‘ಸಹಾಯಕ ಗುರಿಕಾರ’ ಎಂದಿತ್ತು.

‘ಏನಪ್ಪಾ, ಕೊಟ್ಟೆಯಾ ರಾಜೀನಾಮೆ?’

‘ಕೊಟ್ಟೆ ಭಾವ. ಕ್ಷೌರದಂಗಡಿಯವನಿಗೆ.’

‘ಅವನಿಗ್ಯಾಕಯ್ಯಾ?’

‘ಅವನಿಗೆ ಅರ್ಜೆಂಟಿತ್ತು. ನಾನು ಕೆಲಸ ಬಿಡ್ತಾ ಇಲ್ಲ.’

ಷಡ್ಡಕ ಮುಂದಕ್ಕೆ ಬಾಗಿದ. ಕನ್ನಡಿಗಳಿಲ್ಲದ ಕಡೆ ಅವನು ಒಬ್ಬನೇ ಕಾಣುತ್ತಿದ್ದ, ಸ್ವಲ್ಪ ದಣಿದವನ ಹಾಗೆ. ‘ಗುರಿ ಸಿಕ್ತಾ?’

‘ಗುರಿ ಗೊತ್ತಿಲ್ಲ. ಒಂದನೇ ತಾರೀಖು ಒಂದು ಕಪಾಟು ತೆಗೀಬೇಕು. ಅಷ್ಟಕ್ಕೆ ಒಪ್ಕೊಂಡಿದೀನಿ.’

‘ಆಮೇಲೆ?’

‘ಆಮೇಲೆ ಹಾಕಬೇಕು.’

ಅವನು ಒಂದು ಕಾರ್ಡು ತೆಗೆದು ತಿರುಗಿಸಿದ. ‘ಇನ್ನೂರು ಮಾಡಿಸಿಬಿಟ್ಟಿದೀನಲ್ಲೋ’ ಎಂದ. ಪೊಟ್ಟಣ ಬಿಟ್ಟು ಹೋದ. ಹಿಂಬದಿ ಖಾಲಿ ಇದೆ, ವಾರ್ಡಿನಲ್ಲಿ ತೂಕ ಬರೆಯಲು ಆಗುತ್ತದೆ ಎಂದು ನನ್ನ ಹೆಂಡತಿ ಎತ್ತಿಟ್ಟುಕೊಂಡಳು.

ಸೋಮವಾರ ಮತ್ತೆ ಏಳುನೂರ ಇಪ್ಪತ್ತು ಇರುತ್ತವೆ, ಮಧ್ಯಾಹ್ನ ಮೂರರ ಹೊತ್ತಿಗೆ ಮತ್ತೆ ಆಕಳಿಕೆ ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಜೇಬಿನಲ್ಲಿ ಬಿಸ್ಕತ್ತಿನ ಕಪಾಟಿನ ಎರಡು ಕೀಲಿಕೈಗಳು ಒಂದನ್ನೊಂದು ತಾಗಿ ಸದ್ದು ಮಾಡಿದವು. ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ಅವಳು ನನ್ನ ಮುಖ ನೋಡಿದಳು.

‘ಇವತ್ತೆಷ್ಟು?’

‘ಒಂದು.’

‘ಒಂದೇ?’ ಅವಳು ಹುಬ್ಬು ಏರಿಸಿದಳು. ‘ಅತ್ತಿತಾ?’

ಶಟರು ಮೇಲೆ ಹೋದ ಸದ್ದು ಕಿವಿಯಲ್ಲಿನ್ನೂ ಇತ್ತು.

‘ಅತ್ತಿತು’ ಎಂದೆ. ‘ಇಡೀ ಬೀದಿಗೆ ಕೇಳೋ ಹಾಗೆ.’